ದೀಪಕ್ಕೆ ಬಿಸಿಲು ಎಲ್ಲಿಂದ ಬರಬೇಕು?

ಲಾಸ್ ವೇಗಸ್‌ನಲ್ಲಿ ಮಗಳ ಮನೆಯಲ್ಲಿದ್ದ ಐದು ವಾರದಲ್ಲಿ ನೋಡಿದ್ದು ಜಾಸ್ತಿ, ನೆನಪಿರುವುದು ಕಡಿಮೆ. ಕ್ಯಾಸಿನೊ ಬೀದಿ ಒಂದೇ ಸಂಜೆಗೆ ಸಾಕಾಯಿತು. ಗ್ರ್ಯಾಂಡ್ ಕ್ಯಾನಿಯನ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇರೆ ಬರೆಯುವುದು ಬೇಡ. ಬರೆಯಬೇಕು ಅನಿಸಿದ್ದು ಒಂದು ಸೀಮೆಎಣ್ಣೆ ದೀಪದ ಬಗ್ಗೆ. ಅದರಲ್ಲಿ ನಾನು ಟೋಪಿ ಹಾಕಿಸಿಕೊಂಡ ಬಗ್ಗೆ.

ಹಳೇ ದೀಪಗಳ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಸಂಡೂರಿನಲ್ಲಿ ಚಿಕ್ಕವನಿದ್ದಾಗ ಸಂಜೆ ಕಂದೀಲಿನ ಗ್ಲಾಸಿಗೆ ಬೂದಿ ಹಾಕಿ ಒರೆಸುವುದು ನನ್ನ ಕೆಲಸ. ನನ್ನ ಕೈ ಮಾತ್ರ ಒಳಗೆ ಹೋಗುತ್ತಿತ್ತು, ಅದಕ್ಕೆ. ವೇಗಸ್‌ನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಕಡು ನೇರಳೆ ಗಾಜಿನ ದೀಪ ಕಂಡಾಗ ಕಾಲು ಅಲ್ಲೇ ನಿಂತಿತು. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ನೂರು ವರ್ಷದ ಬಿಸಿಲಿಗೆ ಹೀಗಾಗಿದೆ ಎಂದು ಚೀಟಿ ಅಂಟಿಸಿದ್ದರು. 140 ಡಾಲರ್. ಮಗಳು "ಅಪ್ಪಾ, ಬೇಡ" ಅಂದಳು. ಕೊಂಡೆ.

ಎರಡು ದಿನ ಬಿಟ್ಟು ಡೆತ್ ವ್ಯಾಲಿ ಕಡೆ ಹೊರಟೆವು. ದಾರಿಯಲ್ಲಿ, ಸುಮಾರು 120 ಮೈಲಿಗೆ, ರಯೊಲೈಟ್ ಎಂಬ ಪಾಳುಬಿದ್ದ ಊರು. 1904ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ನಾಲ್ಕೇ ವರ್ಷದಲ್ಲಿ ಕರೆಂಟು, ರೈಲು, ಮೂರು ಅಂತಸ್ತಿನ ಬ್ಯಾಂಕು ಎಲ್ಲ ಬಂದವು. 1916ರಲ್ಲಿ ಕರೆಂಟು ಕಡಿದಾಗ ಕೇಳುವವರೇ ಹೆಚ್ಚುಕಡಿಮೆ ಇರಲಿಲ್ಲ. ಈಗ ಬ್ಯಾಂಕಿನ ಮೂರು ಗೋಡೆಗಳ ನಡುವೆ ಆಕಾಶ ಕಾಣುತ್ತದೆ. ಗಣಿ ಊರಿನವನಾದ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು.

ಟಾಮ್ ಕೆಲ್ಲಿ ಎಂಬಾತ 1906ರ ಹೊತ್ತಿಗೆ ಕಟ್ಟಿದ ಬಾಟಲಿ ಮನೆ ಅಲ್ಲಿ ಇನ್ನೂ ಇದೆ. ಮರ ಸಿಗದ ಊರು, ಬಾರುಗಳಿಗೆ ಮಾತ್ರ ಬರವಿಲ್ಲ. ಸುಮಾರು 50,000 ಖಾಲಿ ಬಾಟಲಿಗಳನ್ನು ಮಣ್ಣಿನಲ್ಲಿ ಕೂರಿಸಿ ಗೋಡೆ ಎಬ್ಬಿಸಿದ್ದಾನೆ. ಹೆಚ್ಚಿನವು ಬಿಯರಿನವು. ಬೇಲಿಯಾಚೆ ನಿಂತು ನೋಡುತ್ತಿದ್ದಾಗ ಕಾಲ ಬಳಿ ಒಂದು ಗಾಜಿನ ಚೂರು ಕಂಡಿತು. ಎತ್ತಿದೆ. ಮೇಲ್ಗಡೆ ತಿಳಿ ನೇರಳೆ, ಮಣ್ಣಲ್ಲಿ ಹೂತಿದ್ದ ಕಡೆ ಬರೀ ಬಿಳಿ. "ಅಪ್ಪಾ, ಸರ್ಕಾರಿ ಜಾಗ, ಏನೂ ಒಯ್ಯೋ ಹಾಗಿಲ್ಲ" ಎಂದು ಮಗಳು ಗದರಿದಳು. ಎತ್ತಿದಲ್ಲೇ ಇಟ್ಟೆ. ಆದರೆ ಆ ಎರಡು ಬಣ್ಣ ತಲೆಯಲ್ಲಿ ಉಳಿಯಿತು.

ಊಟಕ್ಕೆ ಹತ್ತಿರದ ಬೀಟಿ ಊರಲ್ಲಿ ನಿಂತೆವು. ಪಕ್ಕದಲ್ಲೇ ಒಂದು ಸಣ್ಣ ಅಂಗಡಿ, ಕಿಟಕಿ ತುಂಬ ದೀಪ. ಅಂಗಡಿಯವರು ಎಪ್ಪತ್ತೈದು ದಾಟಿದ ಹೆಂಗಸು. ಕಾರಿನಿಂದ ನನ್ನ ದೀಪ ತಂದು ಮೇಜಿನ ಮೇಲಿಟ್ಟೆ. ಸುಮ್ನೆ ತೋರಿಸೋಣ ಅಂತ. ನಿಜ ಹೇಳಬೇಕೆಂದರೆ, ಹೊಗಳಿಸಿಕೊಳ್ಳೋಣ ಅಂತ. ಅವರು ಮುಟ್ಟಲೂ ಇಲ್ಲ.

"ದೀಪ ಎಲ್ಲಿಡುತ್ತಾರೆ?" ಎಂದು ಕೇಳಿದರು.

"ಮನೆಯೊಳಗೆ."

"ಮತ್ತೆ ಅದಕ್ಕೆ ಬಿಸಿಲು ಎಲ್ಲಿಂದ ಬರಬೇಕು?"

ನನಗೆ ಬಾಯಿ ಕಟ್ಟಿತು. ಮಗಳು ಬೇಕಂತಲೇ ಬೇರೆ ಕಡೆ ನೋಡಿದಳು.

ಆಮೇಲೆ ಬರ್ನರ್ ಬಿಚ್ಚಿದರು. ಬುಡ್ಡಿಯ ಬಾಯಿಗೆ ಕೂರಿಸಿದ್ದ ಹಿತ್ತಾಳೆ ಪಟ್ಟಿ ಸಡಿಲವಾಗಿತ್ತು, ಅದನ್ನೂ ಎತ್ತಿದರು. ಪಟ್ಟಿಯ ಅಡಿಯಲ್ಲೂ ಅದೇ ಕಡು ನೇರಳೆ. ಬಿಸಿಲು ಹಿತ್ತಾಳೆ ತೂರುವುದಿಲ್ಲ, ಬೇಗ ಬಣ್ಣ ಬರಿಸಲು ಗಾಜಿಗೆ ಯಂತ್ರದಲ್ಲಿ ಕೊಡುವ ವಿಕಿರಣ ತೂರುತ್ತದೆ. ಕಿಟಕಿಯಲ್ಲಿ ವರ್ಷಗಟ್ಟಲೆ ಇಟ್ಟ ದೀಪಕ್ಕೆ ಸಾಮಾನ್ಯವಾಗಿ ತಿಳಿ ಬಣ್ಣವಷ್ಟೇ ಬರುತ್ತದಂತೆ. "ನಿಮ್ಮ ದೀಪ ಹಳೆಯದೇ. ಬಣ್ಣ ಮಾತ್ರ ಮೊನ್ನೆಯದು" ಅಂದರು. ಸಮಾಧಾನ ಮಾಡಿದರೋ ಅಣಕಿಸಿದರೋ ಈಗಲೂ ಗೊತ್ತಾಗಿಲ್ಲ.

ಊಟ ಮರೆತು ಅವರ ಮಾತು ಕೇಳಿದೆವು. ಗಾಜು ಮಾಡುವ ಮರಳಿನಲ್ಲಿ ಕಬ್ಬಿಣ ಇರುವುದರಿಂದ ಗಾಜು ಹಸಿರು ಹೊಡೆಯುತ್ತದೆ. ಅದನ್ನು ತೆಗೆಯಲು 1880ರಿಂದ 1915ರ ಸುಮಾರಿಗೆ ಅಮೆರಿಕದ ಕಾರ್ಖಾನೆಗಳು ಕುಲುಮೆಗೆ ಒಂದು ಕರಿ ಪುಡಿ ಹಾಕುತ್ತಿದ್ದವು. ಗಾಜು ತಿಳಿಯಾಗುತ್ತಿತ್ತು. ಆದರೆ ಬಿಸಿಲಿನ ಅತಿನೇರಳೆ ಕಿರಣ ಬಿದ್ದೂ ಬಿದ್ದೂ ಆ ಪುಡಿಯ ಗುಣವೇ ಬದಲಾಗಿ ಗಾಜು ನೇರಳೆಗೆ ತಿರುಗುತ್ತದೆ. ಮೊದಲ ಮಹಾಯುದ್ಧದಲ್ಲಿ ಪುಡಿಯ ಸರಬರಾಜು ನಿಂತು ಅದರ ಬದಲು ಸೆಲೆನಿಯಂ ಎಂಬ ಧಾತು ಬಂತು, ಆ ಗಾಜು ಬಿಸಿಲಿಗೆ ಒಣಹುಲ್ಲಿನ ಬಣ್ಣ ಆಗುತ್ತದೆ. "ಆ ಕರಿ ಪುಡಿಗೆ ಗಾಜಿನವರ ಸೋಪು ಅಂತ ಹೆಸರು. ಮ್ಯಾಂಗನೀಸ್."

ನಾನು ಕುರ್ಚಿ ಎಳೆದುಕೊಂಡು ಕೂತೆ.

ಸಂಡೂರಿನವರಿಗೆ ಈ ಪದ ಹೇಳಿಕೊಡಬೇಕೇ? ಅಪ್ಪ ಮ್ಯಾಂಗನೀಸ್ ಗಣಿಯಲ್ಲಿ ಲಾರಿ ಲೆಕ್ಕ ಬರೆಯುತ್ತಿದ್ದರು. ಅವರ ಅಂಗಿಯ ಕಾಲರಿನಲ್ಲಿ ಆ ಕರಿ ದೂಳು ಕೂತರೆ ಅಮ್ಮ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಇಲ್ಲಿ ನೋಡಿದರೆ ಅದೇ ಸೋಪು! ಹೇಳಿದಾಗ ಆ ಅಜ್ಜಿ ಮೇಜು ಹಿಡಿದುಕೊಂಡು ನಕ್ಕರು. "ಬಿಳಿ ಅಂಗಿ ನೇರಳೆ ಆಗಲಿಲ್ಲವೇ?" ಎಂದು ಕೇಳಿದರು. ಇಲ್ಲ, ಕಂದು ಆಯಿತು ಅಂದೆ.

ಹೊರಡುವ ಮೊದಲು ಬಣ್ಣವೇ ಇಲ್ಲದ ಒಂದು ಕೈದೀಪ ತೆಗೆದರು, ಬೆರಳು ತೂರಿಸುವ ಹಿಡಿ ಇರುವಂಥದ್ದು. ಅಂಗಡಿ ಕತ್ತಲು ಮಾಡಿ ಅತಿನೇರಳೆ ಟಾರ್ಚು ಬಿಟ್ಟರೆ ಗಾಜು ಮಂದವಾಗಿ ಹಸಿರು ಮಿನುಗಿತು. ಮ್ಯಾಂಗನೀಸ್ ಇದೆ ಎಂಬುದಕ್ಕೆ ಗುರುತಂತೆ. 35 ಡಾಲರ್. ಈ ಸಲ ಮಗಳೇ ದುಡ್ಡು ಕೊಟ್ಟಳು.

ನನ್ನಂತೆ ದೀಪ ತರುವವರು ಕೇಳಿ. ಬರ್ನರ್, ಬುಡ್ಡಿ, ಮೇಲಿನ ಗ್ಲಾಸು ಮೂರನ್ನೂ ಬಿಡಿಸಿ ಬೇರೆಬೇರೆ ಸುತ್ತಿ, ಕೈಚೀಲದಲ್ಲೇ ತನ್ನಿ. ನಾನು 140 ಡಾಲರಿನದನ್ನು ಜೋಡಿಸಿದ ಹಾಗೇ ಸೂಟ್‌ಕೇಸಿನಲ್ಲಿ ತುರುಕಿದೆ, ಗ್ಲಾಸು ಸಕ್ಕರೆಯಾಗಿ ಬಂತು. ಹಳೇ ಬತ್ತಿ ಎಸೆದು ಬುಡ್ಡಿಯನ್ನು ವಾಸನೆ ಹೋಗುವ ತನಕ ಸೋಪಿನಲ್ಲಿ ತೊಳೆಯಿರಿ. ಎಣ್ಣೆಯ ಅಂಶ ಉಳಿದಿದ್ದರೆ ವಿಮಾನಕ್ಕೆ ಬಿಡುವುದಿಲ್ಲ.

ಕೈದೀಪ ಈಗ ಸಂಡೂರಿನ ನಮ್ಮ ಮಾಳಿಗೆ ಮೇಲಿದೆ. ಒಂದು ಪಕ್ಕಕ್ಕೆ ದಪ್ಪ ಕಪ್ಪು ಬಟ್ಟೆ ಸುತ್ತಿದ್ದೇನೆ. ಏಳು ತಿಂಗಳಾಯಿತು, ಎರಡೂ ಕಡೆ ಇನ್ನೂ ಒಂದೇ ಬಣ್ಣ. ಸಂಡಿಗೆ ಹಾಕುವ ಜಾಗ ಹೋಯಿತೆಂದು ಹೆಂಡತಿಯ ತಕರಾರು. ನನ್ನ ಭಯ ಮಂಗಗಳದ್ದು.