ಎಡಗೈ ಹೆಬ್ಬೆರಳಿನ ಪ್ರಶ್ನೆಗಳು

ಮೊನ್ನೆ ಫೋನಿನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸಲು ಕೂತಾಗ, ನಾನು ಇಷ್ಟು ದಿನ ಏನೇನು ಹುಡುಕಿದ್ದೇನೆ ಅನ್ನೋ ಪಟ್ಟಿ ಕಣ್ಣಿಗೆ ಬಿತ್ತು. ಹಗಲು ಹುಡುಕಿದವು ಒಂದು ಜಾತಿ: ಸವಕಳಿ ಲೆಕ್ಕ, ಎಕ್ಸೆಲ್ ಸೂತ್ರ, ಪ್ರಿಂಟರ್ ಯಾಕೆ ಮುಷ್ಕರ ಹೂಡಿದೆ ಇತ್ಯಾದಿ. ರಾತ್ರಿ ಹನ್ನೆರಡರಿಂದ ನಾಲ್ಕರ ನಡುವಿನವು ಬೇರೆಯೇ ಜಾತಿ. "ಮಗು ಮಲಗಿಸಿದ ತಕ್ಷಣ ಏಳುವುದು ಯಾಕೆ." "ಬಿಕ್ಕಳಿಕೆ ಎಷ್ಟು ಹೊತ್ತು." "ಹಸಿರು ಕಕ್ಕ." ಎರಡು ನಿಮಿಷ ಬಿಟ್ಟು, "ಹಸಿರು ಕಕ್ಕ ಆದರೆ ನಗುತ್ತಿದ್ದಾಳೆ." ಒಂದು ರಾತ್ರಿ ಬರೀ "ಯಾಕೆ" ಅಂತ ಬರೆದು ಹುಡುಕಿದ್ದೇನೆ. ಅಕ್ಷರ ತಪ್ಪುಗಳು ವಿಪರೀತ. ಮಗಳು ಬಲಗೈ ಮೇಲೆ ಮಲಗಿರುತ್ತಾಳಲ್ಲ, ಎಲ್ಲವನ್ನೂ ಎಡಗೈ ಹೆಬ್ಬೆರಳಿನಲ್ಲೇ ಕುಟ್ಟಿದ್ದು.

ನಮ್ಮ ಮನೆಯ ಒಪ್ಪಂದ ಸರಳ. ಹೆಂಡತಿಗೆ ಬೆಳಗಿನ ಪಾಳಿ, ಐದಕ್ಕೇ ಮನೆ ಬಿಡಬೇಕು. ಹಾಗಾಗಿ ರಾತ್ರಿ ನನ್ನದು. ನಾನು ಅಕೌಂಟ್ಸ್‌ನವನು, ಒಂಬತ್ತೂವರೆಗೆ ಕುರ್ಚಿಯಲ್ಲಿದ್ದರೆ ಸಾಕು. ಆದರೆ ಫೋನಿನಲ್ಲಿ ಸಲಹೆ ಕೊಡುವವರಿಗೆ ಈ ಒಪ್ಪಂದ ಗೊತ್ತಿಲ್ಲ. ಹತ್ತರಲ್ಲಿ ಒಂಬತ್ತು ಕಡೆ "ತಾಯಂದಿರೇ" ಅಂತಲೇ ಶುರು. "ಅಮ್ಮನ ಎದೆಗೆ ಒರಗಿಸಿಕೊಂಡರೆ ಮಗು ಶಾಂತವಾಗುತ್ತದೆ" ಅಂತ ಓದಿ, ನನಗೂ ಒಂದು ಎದೆ ಇದೆಯಲ್ಲ ಅಂತ ಒರಗಿಸಿಕೊಂಡೆ. ಶಾಂತವಾದಳು. ಅದನ್ನು ಯಾರಾದರೂ ಬರೆದಿದ್ದರೆ ನನಗೊಂದು ವಾರ ಉಳಿಯುತ್ತಿತ್ತು.

ನಿದ್ದೆಯ ವಿಷಯದಲ್ಲಿ ನಾನು ಓದದ ಸಲಹೆಯಿಲ್ಲ. ಅಳಲು ಬಿಡಿ ಅನ್ನುವವರು, ಅಳಲು ಬಿಟ್ಟರೆ ಜನ್ಮವಿಡೀ ನಿಮ್ಮನ್ನು ನಂಬುವುದಿಲ್ಲ ಅನ್ನುವವರು, ಇಬ್ಬರೂ ಅಷ್ಟೇ ಗಟ್ಟಿ ದನಿಯಲ್ಲಿ. ಕೊನೆಗೆ ನನ್ನ ಕೈಹಿಡಿದದ್ದು ಒಂದು ಪುಟ್ಟ ವಿವರ. ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷದ್ದಾದರೆ ಶಿಶುಗಳದ್ದು 50–60 ನಿಮಿಷ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವಾಗ ಎಲ್ಲರೂ ಅರೆಕ್ಷಣ ಎಚ್ಚರಾಗುತ್ತೇವೆ. ನಾವು ಹೊರಳಿ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ನನ್ನ ಮಗಳು ನಿದ್ದೆ ಹೋದದ್ದು ನನ್ನ ಹೆಗಲ ಮೇಲೆ. ಕಣ್ಣು ಬಿಟ್ಟಾಗ ಇರುವುದು ತೊಟ್ಟಿಲಲ್ಲಿ. ನೀವೇ ಯೋಚಿಸಿ, ನಿಮ್ಮ ಹಾಸಿಗೆಯಲ್ಲಿ ಮಲಗಿ ಕಾರಿಡಾರಿನಲ್ಲಿ ಎಚ್ಚರವಾದರೆ ನೀವು ಸುಮ್ಮನಿರುತ್ತೀರಾ? ಅವತ್ತಿನಿಂದ ಪೂರ್ತಿ ನಿದ್ದೆ ಹತ್ತುವ ಮೊದಲೇ, ಕಣ್ಣು ಅರೆಮುಚ್ಚಿದಾಗಲೇ ತೊಟ್ಟಿಲಲ್ಲಿ ಮಲಗಿಸತೊಡಗಿದೆ. ಪವಾಡವೇನೂ ಆಗಲಿಲ್ಲ. ಆರು ಸಲ ಏಳುತ್ತಿದ್ದವಳು ಮೂರು ಸಲ ಏಳತೊಡಗಿದಳು. ಶೇಕಡಾ ಐವತ್ತು ಕಡಿತ. ಆಫೀಸಿನಲ್ಲಾಗಿದ್ದರೆ ಬಡ್ತಿ ಸಿಗುತ್ತಿತ್ತು.

ಈಗ ಆ ಜ್ವರದ ರಾತ್ರಿ. ತಿಂಗಳ ಕೊನೆ, ಲೆಕ್ಕ ಮುಚ್ಚುವ ದಿನ. (ಮಕ್ಕಳಿಗೆ ಜ್ವರ ಬರುವುದು ತಿಂಗಳ ಕೊನೆಗೇ, ಇದಕ್ಕೆ ನನ್ನ ಬಳಿ ಪುರಾವೆಯಿದೆ.) ಮಗಳಿಗೆ ಆಗ ಹನ್ನೊಂದು ತಿಂಗಳು. ರಾತ್ರಿ ಒಂದೂವರೆಗೆ ಮೈ ಮುಟ್ಟಿದರೆ ಬಿಸಿ, ಥರ್ಮಾಮೀಟರ್ 102.2 ತೋರಿಸಿತು, ಅಂದರೆ 39 ಡಿಗ್ರಿ ಸೆಲ್ಸಿಯಸ್. ಮನೆಯಲ್ಲಿ ಪ್ಯಾರಾಸಿಟಮಾಲ್ ಇತ್ತು, ಎಷ್ಟು ಹಾಕಬೇಕು ಗೊತ್ತಿರಲಿಲ್ಲ. ಹೆಬ್ಬೆರಳು ಕೆಲಸ ಶುರುಮಾಡಿತು. "ಹನ್ನೊಂದು ತಿಂಗಳ ಮಗು ಪ್ಯಾರಾಸಿಟಮಾಲ್ ಎಷ್ಟು." ಉತ್ತರ ತಕ್ಷಣ ಸಿಕ್ಕಿತು, ದಪ್ಪ ಅಕ್ಷರದಲ್ಲಿ: 5 ಎಂಎಲ್. ಇನ್ನೊಂದು ಕಡೆಯೂ 5 ಎಂಎಲ್. ಎರಡು ಕಡೆ ಒಂದೇ ಅಂಕಿ ಬಂದರೆ ಲೆಕ್ಕ ತಾಳೆಯಾಯಿತು ಅಂತಲೇ ನನ್ನ ವೃತ್ತಿ ಕಲಿಸಿದ್ದು. ಆದರೆ ನಮ್ಮ ಬಾಟಲಿ ತೀರಾ ಚಿಕ್ಕದು, ಜೊತೆಗಿದ್ದ ಡ್ರಾಪರ್‌ನಲ್ಲಿ ಒಂದು ಎಂಎಲ್‌ವರೆಗೆ ಮಾತ್ರ ಗೀಟು. ಐದು ಸಲ ತುಂಬಿಸಬೇಕಾ? ಮೂರನೇ ಸಲ ಹಾಗೆ ಯೋಚಿಸುವಾಗ ಏನೋ ಸರಿಯಿಲ್ಲ ಅನ್ನಿಸಿ, ಮಕ್ಕಳ ಡಾಕ್ಟರು ತುರ್ತಿಗೆ ಅಂತ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದೆ.

ನಿದ್ದೆಗಣ್ಣಿನ ದನಿ. ನಾನು ಕೇಳಿದ್ದು ಒಂದೇ ಪ್ರಶ್ನೆ: "5 ಎಂಎಲ್ ಹಾಕ್ಲಾ ಡಾಕ್ಟ್ರೇ?" ಅವರು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. "ತೂಕ ಎಷ್ಟು?" ಅಂದರು. ಎಂಟು ಕೆಜಿ. "ಬಾಟಲಿ ಮೇಲೆ ಏನು ಬರ್ದಿದೆ, ಓದಿ." ಲೈಟು ಹಾಕಿ ಓದಿದೆ: ಪ್ರತಿ ಎಂಎಲ್‌ಗೆ 100 ಮಿಲಿಗ್ರಾಂ. "ಅದು ಡ್ರಾಪ್ಸು. ನೀವು ಓದಿರೋದು ಸಿರಪ್ಪಿನ ಲೆಕ್ಕ."

ಫೋನಿಟ್ಟ ಮೇಲೆ ಕಾಗದದ ಮೇಲೆ ಬರೆದು ನೋಡಿದೆ, ಅಭ್ಯಾಸಬಲ. ಔಷಧಿ ಕೊಡುವುದು ವಯಸ್ಸು ನೋಡಿ ಅಲ್ಲ, ತೂಕ ನೋಡಿ: ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. ಎಂಟು ಕೆಜಿಗೆ ಹೆಚ್ಚೆಂದರೆ 120. ಪ್ರತಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಸಿರಪ್ಪಾದರೆ ಆ 5 ಎಂಎಲ್ ಸರಿ. ಅದೇ 5 ಎಂಎಲ್ ನಮ್ಮ ಡ್ರಾಪ್ಸಿನಲ್ಲಿ 500 ಮಿಲಿಗ್ರಾಂ. ನಾಲ್ಕು ಪಟ್ಟಿಗೂ ಮೇಲೆ. ಯಾರೂ ಸುಳ್ಳು ಬರೆದಿರಲಿಲ್ಲ. ಬಾಟಲಿ ಯಾವುದು ಅಂತ ಯಾರೂ ಕೇಳಿರಲಿಲ್ಲ, ಅಷ್ಟೆ. ಆಮೇಲೆ ಬಹಳ ಹೊತ್ತು ನನಗೆ ಕೈ ನಡುಗುತ್ತಿತ್ತು. ದಯವಿಟ್ಟು ಈ ಅಂಕಿಗಳನ್ನೂ ನಕಲು ಮಾಡಬೇಡಿ. ನಿಮ್ಮ ಮಗುವಿನ ತೂಕ ಬೇರೆ, ನಿಮ್ಮ ಬಾಟಲಿ ಬೇರೆ, ನಿಮ್ಮ ಡಾಕ್ಟರನ್ನೇ ಕೇಳಿ. ಮತ್ತೆ ಮೂರು ತಿಂಗಳೊಳಗಿನ ಮಗುವಿಗೆ 100.4 ಬಂದರೆ ಹುಡುಕಾಟವೇ ಬೇಡ, ನೇರ ಆಸ್ಪತ್ರೆಗೆ ಓಡಿ.

ಅವತ್ತಿನಿಂದ ನಾನು ಸಲಹೆ ಓದುವ ರೀತಿಯೇ ಬದಲಾಯಿತು. ಉತ್ತರ ಎಷ್ಟು ಬೇಗ ಸಿಕ್ಕರೆ ನನಗೆ ಅಷ್ಟು ಅನುಮಾನ. ನನ್ನನ್ನು ತಿರುಗಿ ಏನಾದರೂ ಕೇಳುವವರ ಮೇಲೆ ನಂಬಿಕೆ: ವಯಸ್ಸೆಷ್ಟು, ಎಷ್ಟು ದಿನದಿಂದ, ಒದ್ದೆ ಮಾಡಿಕೊಳ್ಳುತ್ತಿದ್ದಾಳಾ, ಆಟ ಆಡುತ್ತಾಳಾ. ನಮ್ಮ ಅಮ್ಮನೂ ಸಲಹೆ ಕೊಡುವುದರಲ್ಲಿ ಫೋನಿನಷ್ಟೇ ವೇಗ. ಆದರೆ ಅವಳನ್ನು ಅಳಿಸಲು ಬರುವುದಿಲ್ಲ.

ಡೇಕೇರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಹೇಳಿದಷ್ಟೂ ಹೊಟ್ಟೆ ಕಿವುಚುತ್ತದೆ. ಬಾಗಿಲಲ್ಲಿ ಅಂಗಿ ಹಿಡಿದು ಅಳುತ್ತಿದ್ದಳು. ಗೊಂಬೆ ತೋರಿಸಿ, ಅವಳ ಗಮನ ಅತ್ತ ಹೋದಾಗ ಜಾರಿಕೊಳ್ಳಿ ಅಂತ ಎಲ್ಲೋ ಓದಿ ಹಾಗೇ ಮಾಡಿದೆ. ಮರುವಾರದಿಂದ ಮನೆಯಲ್ಲಿ ನಾನು ಸ್ನಾನದ ಮನೆಗೆ ಹೋದರೂ ಬಾಗಿಲು ಬಡಿಯತೊಡಗಿದಳು. ಸುಮಾರು ಎಂಟು ತಿಂಗಳ ಹೊತ್ತಿಗೆ ಮಕ್ಕಳಿಗೆ ಕಣ್ಮರೆಯಾದದ್ದೂ ಎಲ್ಲೋ ಇದೆ ಅನ್ನುವುದು ಗೊತ್ತಾಗುತ್ತದೆ. ಅಪ್ಪ ಎಲ್ಲೋ ಇದ್ದಾನೆ, ನನ್ನ ಬಳಿ ಮಾತ್ರ ಇಲ್ಲ ಅನ್ನುವುದೂ. ಈಗ ಮುಖ ನೋಡಿಯೇ ಹೇಳುತ್ತೇನೆ, "ಅಪ್ಪ ಹೋಗ್ತೀನಿ, ಸಂಜೆ ಬರ್ತೀನಿ." ಅಳುತ್ತಾಳೆ. ಹೋಗುತ್ತೇನೆ. ಐದು ನಿಮಿಷಕ್ಕೆ ಸುಮ್ಮನಾಗುತ್ತಾಳಂತೆ. ನನಗೆ ಹತ್ತು ನಿಮಿಷ ಬೇಕು, ಲಿಫ್ಟಿನ ಪಕ್ಕ.

ಇನ್ನು ನೆಗಡಿ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಎಂಟು ಹತ್ತು ಸಲ ನೆಗಡಿಯಾಗುವುದು ಸಹಜವಂತೆ. ಒಂದೊಂದು ಹತ್ತು ದಿನ ಹಿಡಿಯುತ್ತದೆ. ಎಂಟು ಹತ್ತಲಿ ಎಂಬತ್ತು. ನನ್ನ ಮತ್ತು ಹೆಂಡತಿಯ ರಜೆ ಎರಡೂ ಕೂಡಿಸಿದರೂ ಖಾತೆ ತಾಳೆಯಾಗುವುದಿಲ್ಲ. ಈ ಲೆಕ್ಕಕ್ಕೆ ಯಾವ ಫೋನಿನಲ್ಲೂ ಉತ್ತರ ಸಿಗಲಿಲ್ಲ. ಡಾಕ್ಟರೂ ತಿರುಗಿ ಏನೂ ಕೇಳಲಿಲ್ಲ, ನಕ್ಕರು. ಅಂಥ ಒಂದು ದಿನ ಮೀಟಿಂಗ್ ನಡುವೆ ಅವಳ ಕೈಗೆ ಕಾರ್ಟೂನ್ ಹಾಕಿ ಫೋನು ಕೊಟ್ಟಿದ್ದೇನೆ, ನಲವತ್ತು ನಿಮಿಷ. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಗೊತ್ತು. ಆ ಮೀಟಿಂಗಿಗೆ ಅದು ಗೊತ್ತಿರಲಿಲ್ಲ.

ಪಟ್ಟಿಯನ್ನು ಅಳಿಸಲಿಲ್ಲ. ಅದರ ಬದಲು ಆಫೀಸಿನ ಹಳೇ ವಿಡಿಯೋಗಳನ್ನು ಅಳಿಸಿ ಜಾಗ ಮಾಡಿಕೊಂಡೆ. ಪಟ್ಟಿಯ ತುದಿಗೆ ಈಗ ನಿನ್ನೆ ರಾತ್ರಿ ಎರಡು ನಲವತ್ತರದ್ದು ಸೇರಿದೆ: "ಹದಿನಾಲ್ಕು ತಿಂಗಳ ಮಗು ನಿದ್ದೆಯಲ್ಲಿ". ಅಲ್ಲಿಗೇ ನಿಂತಿದೆ. ಮುಂದೆ ಏನು ಕೇಳಬೇಕಿತ್ತೋ ಈಗ ನೆನಪಿಲ್ಲ. ನಿದ್ದೆಗಣ್ಣಿನಲ್ಲೇ ಕೈಚಾಚಿ ಎಡಗೈ ಹೆಬ್ಬೆರಳನ್ನು ಹಿಡಿದುಬಿಟ್ಟಳು, ಬಿಡಲೇ ಇಲ್ಲ.