ಹಸೆ ಹಾಡಿನ ಸಕಾರ

ಅಕ್ಕನ ಮಗಳ ಮದುವೆ ಬೆಂಗಳೂರಿನ ಛತ್ರವೊಂದರಲ್ಲಿ ಎಂದು ನಿಶ್ಚಯವಾದ ವಾರದಲ್ಲೇ ಅಕ್ಕ ಫೋನು ಮಾಡಿ ನನಗೊಂದು ಕೆಲಸ ಒಪ್ಪಿಸಿದಳು. ಆಯಿಗೆ ಬರುವ ಮದುವೆ ಹಾಡುಗಳಲ್ಲಿ ಐದನ್ನಾದರೂ ಚೊಕ್ಕವಾಗಿ ರೆಕಾರ್ಡ್ ಮಾಡಿ ಕಳಿಸಬೇಕು, ಅಲ್ಲಿಯ ಹೆಂಗಸರು ಅದನ್ನು ಕೇಳಿ ಕಲಿತು ಹಸೆಯ ಹೊತ್ತಿಗೆ ತಾವೇ ಹಾಡಬೇಕು ಎಂಬುದು ಅವಳ ಲೆಕ್ಕಾಚಾರ. ಬರಿಯ ನೆನಪಿಗೆ ಇಟ್ಟುಕೊಳ್ಳುವುದಾಗಿದ್ದರೆ ಮೊಬೈಲು ಸಾಕಿತ್ತು. ಆದರೆ ಆಯಿ ಹಾಡುವುದರಲ್ಲಿ ಈಗ ಬಳಕೆಯಲ್ಲಿಲ್ಲದ ಹಳೆಯ ಮಾತುಗಳೇ ಹೆಚ್ಚು. ಒಂದಕ್ಷರ ಮಸುಕಾಗಿ ಕೇಳಿಸಿದರೂ ಬೆಂಗಳೂರಿನಲ್ಲಿ ಅದು ಬೇರೆಯೇ ಶಬ್ದವಾಗಿ ಬೇರೂರಿಬಿಡುತ್ತದೆ. ಹಾಗಾಗಿ ಕಳೆದ ವರ್ಷ ಕೊಂಡಿದ್ದ ಕಂಡೆನ್ಸರ್ ಮೈಕು, ಅದಕ್ಕೆ 48 ವೋಲ್ಟ್ ಒದಗಿಸಿ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಪುಟ್ಟ ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪು ಇವಿಷ್ಟನ್ನು ಚೀಲಕ್ಕೆ ತುಂಬಿಕೊಂಡು ಆಷಾಢದ ಒಂದು ಶುಕ್ರವಾರ ಶಿರಸಿಗೆ ಬಂದಿಳಿದೆ.

ನಮ್ಮ ಮನೆ ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಿಂದ ಒಳಕ್ಕೆ ತಿರುಗಿದರೆ ಸಿಗುವ ಅಡಿಕೆ ತೋಟವೊಂದರ ಅಂಚಿನಲ್ಲಿದೆ. ಬಸ್ಸಿನ ಸದ್ದು ಅಲ್ಲಿಗೆ ಬರುವುದಿಲ್ಲ, ಪಕ್ಕದ ಮನೆಯವರ ಮಾತು ಕೇಳಿಸುವುದಿಲ್ಲ; ಹೀಗಿರುವಾಗ ರೆಕಾರ್ಡಿಂಗಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎಂದುಕೊಂಡು ಮಧ್ಯಾಹ್ನದ ಊಟವಾದದ್ದೇ ಆಯಿಯನ್ನು ಜಗುಲಿಯಲ್ಲಿ ಕೂರಿಸಿ, ಮೈಕನ್ನು ಎರಡಡಿ ದೂರದ ಸ್ಟೂಲಿನ ಮೇಲಿಟ್ಟು, ಹಸೆಗೆ ಕರೆಯುವ ಹಾಡೊಂದನ್ನು ಹಾಡಿಸಿದೆ. ಆಯಿ ಒಂದೇ ಉಸುರಿಗೆ ಎಂಬಂತೆ ಹಾಡಿ ಮುಗಿಸಿದಳು. ಹೆಡ್‌ಫೋನು ಹಾಕಿಕೊಂಡು ಕೇಳಿದರೆ ಹಾಡಿಗಿಂತ ಮೊದಲು ಮನೆಯೇ ಕೇಳಿಸಿತು. ಹೆಂಚಿನ ಮೇಲೆ ಬೀಳುವ ಮಳೆ, ಸೂರಿನ ನೀರು ಅಂಗಳದ ಕಲ್ಲಿಗೆ ಬಡಿಯುವುದು, ತಲೆಯ ಮೇಲಿನ ಫ್ಯಾನು, ಒಳಗೆಲ್ಲೋ ಫ್ರಿಜ್ಜಿನ ಗುಂಯ್‌ಗಾಟ, ಇವೆಲ್ಲದರ ಅಡಿಯಲ್ಲಿ ಎಡೆಬಿಡದ ಒಂದು ದಪ್ಪ ಝೇಂಕಾರ. ಮೂರನೆಯ ನುಡಿಯ ನಟ್ಟನಡುವೆ, ಕವಳದ ಬಟ್ಟಲು ಎದುರಿಟ್ಟುಕೊಂಡು ಕೂತಿದ್ದ ಅಪ್ಪಯ್ಯನ ಅಡಕತ್ತರಿ ‘ಕಟಕ್’ ಎಂದು ಅಡಿಕೆ ಸೀಳಿದ ಸದ್ದು. ಇವುಗಳಲ್ಲಿ ಒಂದೂ ಹಾಡುವಾಗ ನನ್ನ ಗಮನಕ್ಕೆ ಬಂದಿರಲಿಲ್ಲ. ಕಿವಿ ತನಗೆ ಬೇಡದ್ದನ್ನು ತಾನೇ ಬದಿಗೆ ಸರಿಸಿಬಿಡುತ್ತದೆ. ಮೈಕಿಗೆ ಆ ಜಾಣತನವಿಲ್ಲ.

ಆಗ ನಾನು ಮಾಡಿದ ತಪ್ಪನ್ನು ಮನೆಯಲ್ಲಿ ರೆಕಾರ್ಡಿಂಗ್ ಮಾಡುವವರೆಲ್ಲ ಒಮ್ಮೆಯಾದರೂ ಮಾಡಿರುತ್ತಾರೆಂದು ನನ್ನ ಅಂದಾಜು. ಮತ್ತೊಮ್ಮೆ ಹಾಡಿಸುವುದು ಬಿಟ್ಟು, ಇದ್ದದ್ದನ್ನೇ ತೊಳೆದು ಶುದ್ಧ ಮಾಡಲು ಹೊರಟೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶ 2000ನೇ ಇಸವಿಯಿಂದ ಇದೆ. ಅದರಲ್ಲಿ ಗದ್ದಲ ತಗ್ಗಿಸುವ ಸೌಲಭ್ಯವೊಂದುಂಟು. ಹಾಡಿಲ್ಲದ ಕಡೆಯ ಬರಿಯ ಗದ್ದಲವನ್ನು ಒಂದೆರಡು ಸೆಕೆಂಡು ಆರಿಸಿ ತೋರಿಸಿದರೆ, ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ಅದು ಲೆಕ್ಕ ಹಿಡಿಯುತ್ತದೆ. ಬಳಿಕ ಇಡೀ ಹಾಡನ್ನು ಕಂಪನಾಂಕದ ಸಣ್ಣ ಸಣ್ಣ ಪಟ್ಟಿಗಳಾಗಿ ಬಿಡಿಸಿ, ಆ ಲೆಕ್ಕವನ್ನು ಮೀರಿ ಮೇಲೇಳದ ಪಟ್ಟಿಗಳನ್ನೆಲ್ಲ ಒತ್ತಿ ತಗ್ಗಿಸುತ್ತದೆ. ನಾನು 24 ಡೆಸಿಬಲ್ಲಿಗೆ ಏರಿಸಿ ಗುಂಡಿ ಒತ್ತಿದೆ. ಗದ್ದಲವೇನೋ ಹೋಯಿತು, ಆದರೆ ಆಯಿ ಬಾವಿಯೊಳಗಿನಿಂದ ಹಾಡುತ್ತಿರುವಂತೆ, ಅವಳ ಸುತ್ತ ಯಾರೋ ಪುಡಿಗೆಜ್ಜೆ ಉದುರಿಸುತ್ತಿರುವಂತೆ ಕೇಳತೊಡಗಿತು. ಅದಕ್ಕಿಂತ ದೊಡ್ಡ ಅನಾಹುತ ಮಾತಿನಲ್ಲಿ ಆಗಿತ್ತು. ‘ಹಸೆ’ ಎಂಬಲ್ಲೆಲ್ಲ ‘ಹಹೆ’ ಎಂದು ಕೇಳುತ್ತಿತ್ತು. ಹೆಡ್‌ಫೋನನ್ನು ಆಯಿಯ ಕಿವಿಗಿಟ್ಟೆ. ಅರ್ಧ ನುಡಿ ಕೇಳಿ ಅದನ್ನು ತೆಗೆದು ಕೈಗೆ ಕೊಡುತ್ತ, “ತಮಾ, ಎನ್ನ ಹಲ್ಲು ಇನ್ನೂ ಗಟ್ಟಿ ಇದ್ದು” ಎಂದಳು.

ಕಾರಣ ಯೋಚಿಸಿದರೆ ಸರಳವಾಗಿಯೇ ಇದೆ. ಶ, ಷ, ಸ, ಹಗಳನ್ನು ವ್ಯಾಕರಣದವರು ಊಷ್ಮಗಳೆಂದರು. ಅವು ಬರಿಯ ಉಸಿರಿನ ಅಕ್ಷರಗಳು. ಸಕಾರ ಹೊರಡುವಾಗ ಗಂಟಲಿನ ತಂತು ಮಿಡಿಯುವುದಿಲ್ಲ, ಹಲ್ಲಿನ ಬಳಿ ಗಾಳಿ ಉಜ್ಜಿಕೊಂಡು ಹೋಗುತ್ತದೆ ಅಷ್ಟೆ. ಅದರ ಬಲವೆಲ್ಲ ಇರುವುದು ಹೆಚ್ಚೂಕಡಿಮೆ 4000 ಹರ್ಟ್ಸಿನಿಂದ ಮೇಲೆ. ಮಳೆಯ ಸುಯ್ಯೆಂಬ ಸದ್ದು ಹರಡಿಕೊಂಡಿರುವುದೂ ಅಲ್ಲಿ, ಜೀರುಂಡೆ ಚೀರುವುದೂ ಅಲ್ಲೇ. ಯಂತ್ರದ ಕಣ್ಣಿಗೆ ಸಕಾರವೂ ಒಂದು ಪುಟ್ಟ ಗದ್ದಲವೇ ಆದ್ದರಿಂದ ಮಳೆಯನ್ನು ಒರೆಸುವಾಗ ಅದನ್ನೂ ಸೇರಿಸಿ ಒರೆಸಿತು. ಇನ್ನೊಂದು ತೊಡಕೂ ಇತ್ತು. ಈ ಲೆಕ್ಕಾಚಾರ ನಡೆಯುವುದು ಗದ್ದಲ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿದ್ದರೆ ಮಾತ್ರ. ನಮ್ಮಲ್ಲಿ ಮಳೆ ಒಂದೇ ಹದದಲ್ಲಿ ಬೀಳುವುದಿಲ್ಲ. ವೋಲ್ಟೇಜು ಏರಿಳಿಯುವುದರಿಂದ ಫ್ಯಾನು ಕೂಡ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಮೊದಲ ನುಡಿಯ ಗದ್ದಲದ ಅಳತೆಯಲ್ಲಿ ಐದನೆಯ ನುಡಿಯನ್ನು ಕತ್ತರಿಸಲು ಹೋದರೆ ಬಟ್ಟೆ ಹರಿಯುವುದೇ.

ಮರುದಿನ ಬೆಳಿಗ್ಗೆ ತಂತ್ರಾಂಶವನ್ನು ಮುಚ್ಚಿಟ್ಟು ಸದ್ದುಗಳನ್ನು ಒಂದೊಂದಾಗಿ ಹುಡುಕಲು ಕುಳಿತೆ. ಹೆಡ್‌ಫೋನು ಹಾಕಿಕೊಂಡು, ಒಂದು ಸ್ವಿಚ್ಚು ಆರಿಸುವುದು, ಕೇಳುವುದು, ಇನ್ನೊಂದು ಆರಿಸುವುದು. ಫ್ಯಾನು ಹೋಯಿತು, ಫ್ರಿಜ್ಜು ಹೋಯಿತು. ಅಡಿಯ ಝೇಂಕಾರ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅದು ಹೊರಗಿನ ಸದ್ದೇ ಅಲ್ಲವೆಂಬುದು ಗೊತ್ತಾದದ್ದು ಲ್ಯಾಪ್‌ಟಾಪಿನ ಲೋಹದ ಅಂಚಿಗೆ ನನ್ನ ಅಂಗೈ ತಾಗಿದಾಗ ಅದು ತಟ್ಟನೆ ಕುಗ್ಗಿದ್ದರಿಂದ. ಜಗುಲಿಯ ಹಳೆಯ ಪ್ಲಗ್ಗಿಗೆ ಎರಡೇ ತೂತು. ಮೂರು ಪಿನ್ನಿನ ಚಾರ್ಜರನ್ನು ನಾನು ಅಡಾಪ್ಟರೊಂದರ ಮೂಲಕ ತಗುಲಿಸಿದ್ದೆ, ಅರ್ಥಿಂಗ್ ಸಂಪರ್ಕವೇ ಇರಲಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಆ 50 ಹರ್ಟ್ಸ್ ಮತ್ತು ಅದರ ಮಡಿಗಳಾದ 100, 150 ಹರ್ಟ್ಸ್‌ಗಳೇ ತಂತಿಯೊಳಗಿಂದ ನುಸುಳಿ ಹಾಡಿನಲ್ಲಿ ಕೂತಿದ್ದವು. ಚಾರ್ಜರು ಕಿತ್ತೆ. ಝೇಂಕಾರ ಆ ಕ್ಷಣವೇ ನಿಂತಿತು. ಹಿಂದಿನ ರಾತ್ರಿ ಎರಡು ಗಂಟೆ ಫಿಲ್ಟರುಗಳ ಜೊತೆ ಗುದ್ದಾಡಿದ್ದು ಇದಕ್ಕಾಗಿ.

ಉಳಿದದ್ದು ಮಳೆ. ಮಳೆ ಹೊಳವಾಗುವುದನ್ನೇ ಕಾಯುತ್ತ ಕೂತರೆ, ಹನ್ನೊಂದರ ಸುಮಾರಿಗೆ ಆಕಾಶ ಬಾಯಿ ಬಿಟ್ಟಿತು, ಕೂಡಲೇ ಕೆಳಗಿನ ತೋಟದಲ್ಲಿ ಪಂಪಿನ ಮೋಟಾರು ಶುರುವಾಯಿತು. ಅಡಿಕೆಗೆ ಕೊಳೆ ಮದ್ದು ಹೊಡೆಯುವವರೂ ಮಳೆಯ ಬಿಡುವಿಗೇ ಕಾಯುವವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿಟ್ಟುಕೊಂಡು, ಕೊನೆಗೌಡ ಮರ ಹತ್ತಲು ಸಜ್ಜಾಗಿ ನಿಂತಿರುವಾಗ, ನನ್ನ ಹಾಡಿಗಾಗಿ ಮೋಟಾರು ನಿಲ್ಲಿಸಿ ಎಂದು ಕೇಳುವುದು ನ್ಯಾಯವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ. ಆಷಾಢದ ಹಗಲಿನಲ್ಲಿ ಮಳೆ ಇಲ್ಲವೆಂದರೆ ಮೋಟಾರು ಇದೆ ಎಂದೇ ಅರ್ಥ. ರಾತ್ರಿಯೇ ಗತಿ ಎಂದು ತೀರ್ಮಾನಿಸಿದೆ.

ಜಾಗವನ್ನೂ ಬದಲಿಸಿದೆ. ಜಗುಲಿಯ ನುಣುಪು ನೆಲ, ಬರಿಗೋಡೆಗಳಿಂದ ದನಿ ಮರಳಿ ಬಂದು ಹಾಡಿಗೆ ಒಂದು ಟೊಳ್ಳುತನ ಸೇರಿಕೊಂಡಿತ್ತು, ಮತ್ತು ಯಾವ ಗದ್ದಲ ತಗ್ಗಿಸುವ ಗುಂಡಿಯೂ ಈ ಮಾರ್ದನಿಯನ್ನು ಮುಟ್ಟುವುದಿಲ್ಲ, ಏಕೆಂದರೆ ಅದು ಹಾಡಿನದೇ ನೆರಳು. ಒಳಕೋಣೆಯೊಂದರಲ್ಲಿ ಒಣಗಿಸಿದ ಅಡಿಕೆಯ ಗೋಣಿಚೀಲಗಳನ್ನು ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದರು. ಇನ್ನೊಂದು ಬದಿಗೆ ಮಡಚಿಟ್ಟ ಹಾಸಿಗೆಗಳು. ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟು ಒಳಗೆ ನಿಂತು ಚಪ್ಪಾಳೆ ತಟ್ಟಿದೆ. ಸದ್ದು ಎದ್ದಲ್ಲೇ ಸತ್ತಿತು. ಅಂಥ ಕೋಣೆ ಕಟ್ಟಿಸಲು ಪೇಟೆಯವರು ಸಾವಿರಾರು ರೂಪಾಯಿ ಸುರಿಯುತ್ತಾರೆ. ನಮ್ಮಲ್ಲಿ ಅಡಿಕೆಗೆ ದರ ಬರಲೆಂದು ಕಾಯುತ್ತಿದ್ದುದರಿಂದ ಪುಕ್ಕಟೆ ಸಿಕ್ಕಿತು.

ಮೈಕನ್ನು ಎರಡಡಿಯಿಂದ ಒಂದು ಗೇಣಿಗಿಂತ ಹತ್ತಿರಕ್ಕೆ ತಂದೆ. ದೂರ ಅರ್ಧವಾದಾಗಲೆಲ್ಲ ದನಿಯ ಮಟ್ಟ 6 ಡೆಸಿಬಲ್ಲಿನಷ್ಟು ಏರುತ್ತದೆ. 60 ಸೆಂಟಿಮೀಟರಿನಿಂದ 15ಕ್ಕೆ ಇಳಿಸಿದರೆ 12 ಡೆಸಿಬಲ್. ದೂರದಿಂದ ಬರುವ ಮಳೆ, ಕಪ್ಪೆಗಳ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಯಾವ ತಂತ್ರಾಂಶವೂ ಸಕಾರ ಕೆಡಿಸದೆ ಇಷ್ಟು ದೊಡ್ಡ ಅಂತರ ತಂದುಕೊಡಲಾರದು. ಹತ್ತಿರ ಬಂದದ್ದಕ್ಕೆ ದಂಡವೂ ಇತ್ತು: ಪ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಗುದ್ದುತ್ತಿತ್ತು. ಆಯಿಯೇ ತನ್ನ ಕಸೂತಿಯ ಬಳೆಗೆ ಹಳೆಯ ತೆಳು ಸೀರೆಯ ತುಂಡನ್ನು ಬಿಗಿದು ಕೊಟ್ಟಳು, ಅದನ್ನು ನಡುವೆ ನಿಲ್ಲಿಸಿದೆ. ಕೈಬಳೆ ತೆಗೆದಿಡು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಅವಳೇ ಅರ್ಥ ಮಾಡಿಕೊಂಡು ಬಳೆಗಳನ್ನು ಮೇಲಕ್ಕೆ ಸರಿಸಿ ಮೇಲಿಂದ ಕೈವಸ್ತ್ರ ಸುತ್ತಿಕೊಂಡಳು. ಹಾಡುವಾಗ ತೊಡೆಯ ಮೇಲೆ ತಾಳ ಹಾಕುವ ರೂಢಿಯನ್ನು ಮಾತ್ರ ಬಿಡಲಾಗದು ಎಂದಳು. ತೊಡೆಯ ಮೇಲೊಂದು ದಿಂಬು ಇಟ್ಟೆವು.

ರಾತ್ರಿ ಒಂಬತ್ತೂವರೆಗೆ ಕರೆಂಟು ಹೋಯಿತು. ರೂಢಿಯಂತೆ ಗೊಣಗಿದೆ, ಮರುಗಳಿಗೆಗೆ ತಲೆಗೆ ಹೊಳೆಯಿತು: ಮನೆಯಲ್ಲಿ ಮಿಡಿಯುವ ತಂತಿ ಒಂದೂ ಇಲ್ಲ. ಇನ್ವರ್ಟರನ್ನೂ ಆರಿಸಿದೆ. ಲ್ಯಾಪ್‌ಟಾಪು ಬ್ಯಾಟರಿಯ ಮೇಲಿತ್ತು. ಅದರ ಹೊಟ್ಟೆಯ ಫ್ಯಾನು ಕೂಡ ಬೇಡವೆಂದು ಮೈಕಿನ ಉದ್ದ ತಂತಿಯನ್ನು ಬಾಗಿಲಿನಡಿ ಹೊರಗೆಳೆದು, ಲ್ಯಾಪ್‌ಟಾಪು, ಇಂಟರ್‌ಫೇಸ್ ಹಿಡಿದು ನಾನು ಕಂಬಳಿಯಾಚೆ ಕೂತೆ. ಮಳೆ ಹನಿಯುವಷ್ಟಕ್ಕೆ ಇಳಿದಿತ್ತು. ತೋಟದ ಕಾಲುವೆಯ ಕಪ್ಪೆಗಳು ಮಾತ್ರ ಬಿಡುವು ಕೊಡಲಿಲ್ಲ. ನನ್ನ ಮೈಕು ಎದುರಿನದನ್ನು ಹೆಚ್ಚು, ಬೆನ್ನ ಹಿಂದಿನದನ್ನು ತೀರ ಕಡಿಮೆ ಹಿಡಿಯುವ ಬಗೆಯದಾದ್ದರಿಂದ ಅದರ ಬೆನ್ನನ್ನು ತೋಟದ ಕಡೆಯ ಕಿಟಕಿಗೆ ತಿರುಗಿಸಿದ್ದೆ. ಟಾರ್ಚಿನ ಬೆಳಕಿನಲ್ಲಿ ಆಯಿ ಶುರುಮಾಡಿದಳು. ಗೇನು, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ, ಏರಿಸುವ ಅಗತ್ಯವೇ ಬೀಳಲಿಲ್ಲ. ರೆಕಾರ್ಡಿಂಗಿನ ಅಳತೆಯಲ್ಲಿ ಸೊನ್ನೆಯೇ ಮೇಲಿನ ಮಿತಿ, ಅದನ್ನು ಮೀರಿದರೆ ದನಿ ಒಡೆಯುತ್ತದೆ; ಅವಳ ದನಿಯ ತುದಿ ಮೈನಸ್ 12 ಡೆಸಿಬಲ್ಲಿನ ಸುತ್ತ ಆಡುತ್ತಿತ್ತು. ಹಸೆಗೆ ಕರೆಯುವುದು, ಅರಿಶಿನ ಹಚ್ಚುವುದು, ಆರತಿ, ಹೀಗೆ ಮೂರು ಹಾಡು ಮುಗಿದವು. ಪ್ರತಿ ಹಾಡಿನ ಕೊನೆಗೆ ಹತ್ತು ಸೆಕೆಂಡು ಮಿಸುಕಾಡದೆ ಕೂರಲು ಹೇಳಿದ್ದೆ. ಆ ಬರಿಯ ಕೋಣೆಯ ಸದ್ದೇ ಆಮೇಲೆ ಅಳತೆಗೆ ಬೇಕಾದದ್ದು.

ಹೆಣ್ಣು ಒಪ್ಪಿಸುವ ಹಾಡಿನ ಎರಡನೆಯ ನುಡಿಯಲ್ಲಿ ಕರೆಂಟು ಬಂತು. ಅಡುಗೆಮನೆಯ ಫ್ರಿಜ್ಜು ಮೈ ಕೊಡವಿಕೊಂಡು ಎದ್ದ ಸದ್ದು ಕಂಬಳಿ ದಾಟಿ ಒಳಗೆ ಹೋಯಿತು, ಆಯಿಯ ದನಿ ಅಲ್ಲಿಗೇ ನಿಂತಿತು. ಫ್ರಿಜ್ಜು ಆರಿಸಬಹುದಿತ್ತು. ಆದರೆ ಆ ಹಾಡು ಒಮ್ಮೆ ಮುರಿದರೆ ಅದೇ ಶ್ರುತಿಗೆ, ಅದೇ ಗದ್ಗದಕ್ಕೆ ಆಗಲೇ ಮರಳುವುದು ಅವಳಿಗೆ ಸಾಧ್ಯವಿರಲಿಲ್ಲ.

ತಂತ್ರಾಂಶಕ್ಕೆ ಉಳಿದದ್ದು ಅರ್ಧ ಗಂಟೆಯ ಕೆಲಸ. 90 ಹರ್ಟ್ಸಿನಿಂದ ಕೆಳಗಿನದನ್ನು ಕತ್ತರಿಸಿದೆ. ಆಯಿಯ ದನಿ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಗದ್ದಲವನ್ನು 24ರ ಬದಲು 6 ಡೆಸಿಬಲ್ ಮಾತ್ರ ತಗ್ಗಿಸಿದೆ. ನುಡಿ ನುಡಿಯ ನಡುವಿನ ಮೌನವನ್ನು ಪೂರ್ತಿ ಸೊನ್ನೆ ಮಾಡುವ ಆಸೆಯಾಯಿತು, ಮಾಡಿಯೂ ನೋಡಿದೆ: ಹಾಡು ನಿಂತಾಗಲೆಲ್ಲ ಯಾರೋ ಕಿವಿಗೆ ಹತ್ತಿ ತುರುಕಿದಂತೆ ಕೇಳಿತು. ಹಾಗಾಗಿ ಅಲ್ಲಿ ಕೋಣೆಯ ಸದ್ದನ್ನು ತುಸು ತಗ್ಗಿಸಿ ಬಿಟ್ಟೆ. ಗಮನವಿಟ್ಟು ಕೇಳುವವರಿಗೆ ಕಪ್ಪೆ ಈಗಲೂ ಇದೆ. ಆಯಿಗೆ ಹೆಡ್‌ಫೋನು ಕೊಟ್ಟೆ. ಮೊದಲ ನುಡಿ ಪೂರ್ತಿ ಕೇಳಿ, “ಅಡ್ಡಿಲ್ಲೆ, ಹಲ್ಲು ಬಂತು” ಎಂದಳು.

ಮೂರು ಹಾಡು ಬೆಂಗಳೂರಿಗೆ ಹೋದವು. ಇನ್ನೆರಡು ಬಾಕಿ ಇದ್ದುದರಿಂದ ರಜೆಯನ್ನು ಎರಡು ದಿನ ಮುಂದುವರಿಸಿದೆ. ಸಂಜೆ ಕವಳದ ಬಟ್ಟಲಿನ ಹತ್ತಿರ ಬಂದು ಕೂರುವಾಗಲೇ ಆಯಿ ಬಳೆ ಮೇಲಕ್ಕೆ ಸರಿಸಿ ಕೈವಸ್ತ್ರ ಸುತ್ತಿಕೊಂಡಿರುತ್ತಿದ್ದಳು, ಮತ್ತು ದಿನವೂ ಅದೇ ಪ್ರಶ್ನೆ: “ತಮಾ, ಇವತ್ತು ಕರೆಂಟು ಹೋಗ್ತಡ?”