ಬೇಸ್‌ಬಾಲ್ ಅಂಗಳದಲ್ಲಿ ಕ್ರಿಕೆಟ್ ಪಿಚ್

2015ರ ನವೆಂಬರಿನಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ಶೇನ್ ವಾರ್ನ್ ಅವರ ತಂಡಗಳು ನ್ಯೂಯಾರ್ಕ್, ಹ್ಯೂಸ್ಟನ್ ಹಾಗೂ ಲಾಸ್ ಏಂಜಲೀಸ್‌ನ ಬೇಸ್‌ಬಾಲ್ ಕ್ರೀಡಾಂಗಣಗಳಲ್ಲಿ ಟಿ-20 ಆಡಿದಾಗ, ನನ್ನನ್ನು ಹೆಚ್ಚು ಸೆಳೆದದ್ದು ಅಲ್ಲಿನ ನೆಲ. ಬೇಸ್‌ಬಾಲ್ ಅಂಗಳದಲ್ಲಿ ಚೆಂಡೆಸೆಯುವವನು ನಿಲ್ಲಲು 10 ಇಂಚು ಎತ್ತರದ ಮಣ್ಣಿನ ದಿಬ್ಬವಿರುತ್ತದೆ. ಓಡುವ ಆಟಗಾರ ಮುಟ್ಟಬೇಕಾದ ಬೇಸ್‌ಗಳ ಸುತ್ತ ಹುಲ್ಲಿಲ್ಲದ ಕೆಮ್ಮಣ್ಣು ಹರಡಿರುತ್ತದೆ. ಬೇರೆ ಆಟಕ್ಕೆ ಅಣಿಗೊಳಿಸುವಾಗ ದಿಬ್ಬವನ್ನು ತೆಗೆದು, ಕೆಮ್ಮಣ್ಣಿನ ಮೇಲೆ ಹುಲ್ಲುಹಾಸು ಹೊದಿಸಬೇಕಾಗುತ್ತದೆ. ಕ್ರಿಕೆಟ್ಟಿಗಾದರೆ ಬೇರೆಡೆ ಸಿದ್ಧಪಡಿಸಿದ ಪಿಚ್ಚನ್ನೇ ತಂದು ಕೂರಿಸಬೇಕು. ಅಮೆರಿಕದ ಪ್ರಮುಖ ಲೀಗಿನ ಬೇಸ್‌ಬಾಲ್ ತಂಡವೊಂದು ಋತುವಿನಲ್ಲಿ ತವರಿನಲ್ಲಿ ಆಡುವುದು 81 ಪಂದ್ಯಗಳನ್ನಾದ್ದರಿಂದ, ಉಳಿದ ದಿನಗಳಲ್ಲಿ ಅಷ್ಟು ದೊಡ್ಡ ಕಟ್ಟಡ ಖಾಲಿ ಬಿದ್ದಿರಬಾರದೆಂಬ ಲೆಕ್ಕಾಚಾರ ಇದರ ಹಿಂದಿದೆ. 1965ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ಗಾಯಕ ತಂಡ ಹಾಡಿದ್ದು ನ್ಯೂಯಾರ್ಕಿನ ಬೇಸ್‌ಬಾಲ್ ಅಂಗಳವಾದ ಶಿಯಾ ಕ್ರೀಡಾಂಗಣದಲ್ಲಿ. 2010ರಲ್ಲಿ ಬಾಸ್ಟನ್ನಿನ ಬೇಸ್‌ಬಾಲ್ ಅಂಗಳ ಫೆನ್‌ವೇ ಪಾರ್ಕಿನಲ್ಲಿ ಐಸ್ ಹಾಕಿ ನಡೆಯಿತು.

ನಮ್ಮ ಕಾರವಾರ ಸೀಮೆಯಲ್ಲಿಯೂ ಕ್ರಿಕೆಟ್, ಸಭೆ, ಯಕ್ಷಗಾನಗಳು ಒಂದೇ ಮೈದಾನವನ್ನು ಹಂಚಿಕೊಳ್ಳುತ್ತವೆ, ಮತ್ತು ಅದು ನನಗೆ ಪ್ರಿಯವಾದ ಸಂಗತಿ. ಆದರೆ ಯಕ್ಷಗಾನದ ಆಟ ಮುಗಿದ ಬೆಳಿಗ್ಗೆ, ಚಪ್ಪರದ ಕಂಬ ಕಿತ್ತ ಗುಂಡಿ ಬೌಲರ್ ಓಡಿಬರುವ ದಾರಿಯಲ್ಲೇ ಬಾಯ್ತೆರೆದಿರುತ್ತದೆ. ಅದರ ಅಂಚಿನಲ್ಲಿ ತುಂಡು ಹಗ್ಗ, ಬಾಗಿದ ಮೊಳೆಗಳು. ಮೈದಾನವನ್ನು ಬಾಡಿಗೆಗೆ ಕೊಡುವಾಗಲೇ ಗುಂಡಿ ಮುಚ್ಚಿ, ನೀರು ಹಾಕಿ, ರೋಲರ್ ಎಳೆಸುವ ಖರ್ಚನ್ನು ಠೇವಣಿಯಾಗಿ ಪಡೆಯುವ ನಿಯಮ ಇಲ್ಲಿ ಬರಬೇಕು.